ಜನತಾ ಕಾರಿನ ನಿರ್ಮಾಪಕ ಫರ್ಡಿನೆಂಡ್ ಪೋರ್ಷೆ

ಹಿರಿಯೂರಿನ ಸಮೀಪದ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಅಣೆಕಟ್ಟನ್ನು ನಿರ್ಮಿಸುವ ಕಾರ್ಯವು 1898ರಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡಿತು. ಮಳೆ ಕಡಿಮೆಯಾದ ಚಿತ್ರದುರ್ಗ ಸೀಮೆಯ ಹೊಲಗಳಿಗೆ ನೀರುಣಿಸಬೇಕೆಂಬ ಹಿರಿಯರ ಕನಸು ಕಲ್ಲುಗಾರೆಯ ರೂಪ ತಾಳುತ್ತಿದ್ದ ಅದೇ ವರ್ಷಗಳಲ್ಲಿ, ಇಲ್ಲಿಂದ ಸಾವಿರಾರು ಮೈಲಿ ದೂರದ ಆಸ್ಟ್ರಿಯ ದೇಶದಲ್ಲಿ ತಗಡು ಕೆಲಸಗಾರನ ಮಗನೊಬ್ಬನು ಮತ್ತೊಂದು ಕನಸಿಗೆ ರೂಪ ಕೊಡಲು ತೊಡಗಿದ್ದನು. ಸಾಮಾನ್ಯನ ಸಂಸಾರವನ್ನು ಹೊತ್ತು ಸಾಗಬಲ್ಲ, ಸಾಮಾನ್ಯನೇ ಕೊಳ್ಳಬಲ್ಲ ಮೋಟಾರು ವಾಹನವೇ ಆ ಕನಸು. ಆ ಯುವಕನ ಹೆಸರು ಫರ್ಡಿನೆಂಡ್ ಪೋರ್ಷೆ. ಅವನ ಕೈಯಿಂದ ಮೂಡಿದ ಫೋಕ್ಸ್‌ವ್ಯಾಗನ್ ಎಂಬ ಕಾರು ತನ್ನ ದುಂಡು ಬೆನ್ನಿನ ಆಕೃತಿಯಿಂದಾಗಿ ಬೀಟಲ್ ಎಂದು, ಅಂದರೆ ಜೀರುಂಡೆಯೆಂದು, ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಫೋಕ್ಸ್‌ವ್ಯಾಗನ್ ಎಂಬ ಜರ್ಮನ್ ಪದಕ್ಕೆ ಜನತೆಯ ವಾಹನವೆಂದೇ ಅರ್ಥ.

ಮಹಾಪುರುಷರ ಚರಿತ್ರೆಗಳು ಸಾಮಾನ್ಯವಾಗಿ ಅನುಕರಣೆಗೆ ಯೋಗ್ಯವೆಂದು ಹೇಳಲ್ಪಡುತ್ತವೆ. ಪೋರ್ಷೆಯ ಚರಿತ್ರೆಯಲ್ಲಿ ಅನುಕರಿಸಬೇಕಾದುದೂ ಇದೆ, ಎಚ್ಚರಿಕೆಯಿಂದ ದೂರವಿಡಬೇಕಾದುದೂ ಇದೆ. ಇವೆರಡನ್ನೂ ಒಟ್ಟಾಗಿ ಕಂಡಾಗಲೇ ಈ ಜೀವನ ಕಥೆಯು ನಮಗೆ ಪಾಠವಾಗುತ್ತದೆ.

ಪೋರ್ಷೆಯು 1875ನೆಯ ಸೆಪ್ಟೆಂಬರ್ 3ರಂದು ಉತ್ತರ ಬೊಹೀಮಿಯದ ಮಾಫರ್ಸ್‌ಡಾರ್ಫ್ ಎಂಬ ಗ್ರಾಮದಲ್ಲಿ ಜನಿಸಿದನು. ಆಗ ಆಸ್ಟ್ರಿಯ ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಆ ಊರು ಇಂದು ಚೆಕ್ ಗಣರಾಜ್ಯದಲ್ಲಿದೆ. ತಂದೆ ಆಂಟನ್ ಪೋರ್ಷೆ ತಗಡಿನ ಪಾತ್ರೆ ಪದಾರ್ಥಗಳನ್ನು ಮಾಡುವ ಕಸುಬಿನವನು, ಕಟ್ಟುನಿಟ್ಟಿನ ದುಡಿಮೆಗಾರನು. ಹಿರಿಯ ಮಗನು ಅಪಘಾತದಲ್ಲಿ ತೀರಿಕೊಂಡುದರಿಂದ ಮನೆತನದ ಕಸುಬನ್ನು ಫರ್ಡಿನೆಂಡನೇ ಮುಂದುವರಿಸಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಬಾಲಕನು ಹಗಲೆಲ್ಲ ತಂದೆಯ ಕಮ್ಮಟದಲ್ಲಿ ಸುತ್ತಿಗೆ ಹಿಡಿಯುತ್ತಿದ್ದನು. ಆದರೆ ಅವನ ಮನಸ್ಸು ಆಗತಾನೆ ಊರೂರಿಗೆ ಕಾಲಿಡುತ್ತಿದ್ದ ವಿದ್ಯುಚ್ಛಕ್ತಿಯ ಕಡೆಗೆ ಹರಿದಿತ್ತು. ಸಮೀಪದ ರೈಷನ್‌ಬರ್ಗ್ ಪಟ್ಟಣದ ತಾಂತ್ರಿಕ ಶಾಲೆಯಲ್ಲಿ ಸಂಜೆಯ ತರಗತಿಗಳಿಗೆ ಹೋಗಿ ಕಲಿತನು. ಮನೆಗೆ ತಾನೇ ವಿದ್ಯುದ್ದೀಪಗಳನ್ನು ಜೋಡಿಸಿ ಬೆಳಗಿಸಿದನು. ಮಗನ ಒಲವನ್ನು ಕಂಡ ತಂದೆಯು ಕೊನೆಗೆ ಮೆತ್ತಗಾದನು. ಹದಿನೆಂಟನೆಯ ವಯಸ್ಸಿನಲ್ಲಿ ಫರ್ಡಿನೆಂಡನು ವಿಯೆನ್ನಾ ನಗರಕ್ಕೆ ಹೋಗಿ ಬೇಲ ಎಗ್ಗರ್ ಎಂಬ ವಿದ್ಯುತ್ ಯಂತ್ರಗಳ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದನು.

ವಿಯೆನ್ನಾದ ತಾಂತ್ರಿಕ ವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಸೇರುವ ಅರ್ಹತೆಯಾಗಲಿ ಅನುಕೂಲವಾಗಲಿ ಅವನಿಗೆ ಇರಲಿಲ್ಲ. ಕೆಲಸ ಮುಗಿದ ಮೇಲೆ ಹೆಸರು ನೋಂದಾಯಿಸದೆಯೇ ಉಪನ್ಯಾಸ ಮಂದಿರದೊಳಗೆ ನುಸುಳಿ ಕುಳಿತು ಪಾಠ ಕೇಳುತ್ತಿದ್ದನು. ಯಾವ ಪದವಿಯನ್ನೂ ಪಡೆಯದ ಈ ತರುಣನಿಗೆ 1917ರಲ್ಲಿ ಅದೇ ವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತೆಂಬುದು ಗಮನಾರ್ಹ. ಬಾಗಿಲಾಚೆ ನಿಂತಾದರೂ ಕಲಿಯಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಯನ್ನು ಗುರುತಿಸುವುದು ಎಲ್ಲ ಕಾಲದ ಉಪಾಧ್ಯಾಯರ ಹೊಣೆಯೆಂಬುದನ್ನು ಈ ಸಂಗತಿಯು ಸಾರುತ್ತದೆ.

1898ರಲ್ಲಿ ಪೋರ್ಷೆಯು ಅರಮನೆಗೆ ಸಾರೋಟುಗಳನ್ನು ಮಾಡಿಕೊಡುತ್ತಿದ್ದ ಯಾಕೊಬ್ ಲೋನರ್ ಸಂಸ್ಥೆಯನ್ನು ಸೇರಿದನು. ಅಲ್ಲಿ ಅವನು ಮುಂಗಾಲಿಗಳ ಗುಂಬಗಳಲ್ಲಿಯೇ ವಿದ್ಯುತ್ ಮೋಟಾರುಗಳನ್ನು ಅಳವಡಿಸಿದ ವಾಹನವನ್ನು ರಚಿಸಿದನು. ಸರಪಳಿಯಿಲ್ಲ, ಹಲ್ಲುಚಕ್ರಗಳ ಪೆಟ್ಟಿಗೆಯಿಲ್ಲ. ಗಾಲಿಯೇ ಯಂತ್ರವಾಗಿ ತಿರುಗುತ್ತಿತ್ತು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಈ ವಾಹನವು ಎಲ್ಲರ ಗಮನವನ್ನು ಸೆಳೆಯಿತು. ಬ್ಯಾಟರಿಗಳ ಭಾರ ವಿಪರೀತವಾಗಿದ್ದುದನ್ನು ಕಂಡ ಪೋರ್ಷೆಯು ಪೆಟ್ರೋಲ್ ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸಿ ಗಾಲಿಗಳಿಗೆ ಹರಿಸುವ ಮಿಶ್ರ ವಾಹನವನ್ನೂ ನಿರ್ಮಿಸಿದನು. ಇಂದು ಜಗತ್ತು ಹೊಸದೆಂದು ಕೊಂಡಾಡುತ್ತಿರುವ ವಿದ್ಯುತ್ ಕಾರು, ಹೈಬ್ರಿಡ್ ಕಾರುಗಳ ಬೀಜವು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಈ ಯುವಕನ ಕೈಯಲ್ಲಿ ಮೊಳೆತಿತ್ತು. 1903ರಲ್ಲಿ ಅವನು ಅಲೋಯಿಸಿಯ ಕೇಸ್ ಎಂಬಾಕೆಯನ್ನು ವಿವಾಹವಾದನು. ಲೂಯಿಸ್ ಎಂಬ ಮಗಳೂ, ಫೆರಿ ಎಂದು ಕರೆಯಲ್ಪಟ್ಟ ಮಗನೂ ಆ ದಂಪತಿಗಳಿಗೆ ಜನಿಸಿದರು.

1906ರಲ್ಲಿ ಆಸ್ಟ್ರೋ ಡೈಮ್ಲರ್ ಸಂಸ್ಥೆಯ ಮುಖ್ಯ ವಿನ್ಯಾಸಕಾರನಾದ ಪೋರ್ಷೆಯು 1910ರ ಪ್ರಿನ್ಸ್ ಹೆನ್ರಿ ಸ್ಪರ್ಧೆಯಲ್ಲಿ ತಾನು ರಚಿಸಿದ ಕಾರನ್ನು ತಾನೇ ನಡೆಸಿ ಪ್ರಥಮ ಸ್ಥಾನವನ್ನು ಗಳಿಸಿದನು. ಕಾಗದದ ಮೇಲೆ ಗೆರೆ ಎಳೆದು ಸುಮ್ಮನಾಗುವ ಸ್ವಭಾವ ಅವನದಲ್ಲ. ಎಂಜಿನ್ನಿನ ಸದ್ದನ್ನು ಕೇಳಿಯೇ ದೋಷವನ್ನು ಗುರುತಿಸುತ್ತಿದ್ದ, ಮೈಗೆ ಎಣ್ಣೆ ಮೆತ್ತಿಕೊಂಡು ಕಾರಿನ ಅಡಿಯಲ್ಲಿ ತೂರಿ ನೋಡುತ್ತಿದ್ದ ಕೆಲಸಗಾರನು ಅವನು. ಮೊದಲ ಮಹಾಯುದ್ಧದ ಕಾಲದಲ್ಲಿ ಫಿರಂಗಿಗಳನ್ನೆಳೆಯುವ ಭಾರಿ ವಾಹನಗಳನ್ನೂ ವಿಮಾನದ ಎಂಜಿನ್ನುಗಳನ್ನೂ ನಿರ್ಮಿಸಿದನು. ಯುದ್ಧಾನಂತರ ಸಾಸ್ಕ ಎಂಬ ಸಣ್ಣ ಹಗುರ ಕಾರನ್ನು ರಚಿಸಿದಾಗ ಅದು 1922ರ ಟಾರ್ಗ ಫ್ಲೋರಿಯೊ ಸ್ಪರ್ಧೆಯಲ್ಲಿ ತನ್ನ ವರ್ಗದಲ್ಲಿ ಜಯಗಳಿಸಿತು. ಆದರೆ ಸಂಸ್ಥೆಯ ಒಡೆಯರೊಡನೆ ಮನಸ್ತಾಪವುಂಟಾಗಿ ಅವನು 1923ರಲ್ಲಿ ಹೊರಬಂದನು. ಜರ್ಮನಿಯ ಸ್ಟುಟ್‌ಗಾರ್ಟಿನ ಡೈಮ್ಲರ್ ಸಂಸ್ಥೆಯಲ್ಲಿ ತಾಂತ್ರಿಕ ನಿರ್ದೇಶಕನಾಗಿ ಪ್ರಸಿದ್ಧ ಮರ್ಸಿಡಿಸ್ ಕಾರುಗಳನ್ನು ರೂಪಿಸಿದನು. ಅಲ್ಲಿಯೂ ಸಾಮಾನ್ಯರಿಗಾಗಿ ಸಣ್ಣ ಕಾರನ್ನು ಮಾಡಬೇಕೆಂಬ ಅವನ ಯೋಚನೆಗೆ ಆದರ ದೊರೆಯಲಿಲ್ಲ. ಧನಿಕರ ಕಾರುಗಳಲ್ಲಿಯೇ ಲಾಭವಿರುವಾಗ ಬಡವರ ಕಾರಿನ ಗೊಡವೆ ಆಡಳಿತ ಮಂಡಲಿಗೆ ಬೇಕಿರಲಿಲ್ಲ.

1931ರಲ್ಲಿ, ಆರ್ಥಿಕ ಮುಗ್ಗಟ್ಟು ಯೂರೋಪನ್ನು ಹಿಂಡುತ್ತಿದ್ದಾಗ, ಐವತ್ತೈದರ ವಯಸ್ಸಿನ ಪೋರ್ಷೆಯು ಸ್ಟುಟ್‌ಗಾರ್ಟಿನಲ್ಲಿ ಸ್ವಂತ ವಿನ್ಯಾಸ ಕಚೇರಿಯನ್ನು ತೆರೆದನು. ಅಳಿಯ ಆಂಟನ್ ಪಿಯೆಕ್ ಮತ್ತು ಯೆಹೂದ್ಯ ಸಮಾಜದ ಅಡಾಲ್ಫ್ ರೋಸೆನ್‌ಬರ್ಗರ್ ಅವನ ಪಾಲುದಾರರಾಗಿದ್ದರು. ಮೋಟಾರು ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದ ರೋಸೆನ್‌ಬರ್ಗರನು ಹಣ ಹೂಡಿ, ವ್ಯವಹಾರವನ್ನು ನೋಡಿಕೊಂಡು, ಕಷ್ಟದ ದಿನಗಳಲ್ಲಿ ಕಚೇರಿಗೆ ಆಸರೆಯಾಗಿದ್ದನು. ಕಾರ್ಲ್ ರಾಬೆ, ಎರ್ವಿನ್ ಕೊಮೆಂಡ, ಫ್ರಾನ್ಸ್ ರೈಮ್ಸ್‌ಪೀಸ್ ಮುಂತಾದ ನಿಪುಣರ ತಂಡವು ಪೋರ್ಷೆಯ ಸುತ್ತ ನೆರೆಯಿತು. ಜುಂಡಪ್ ಮತ್ತು ಎನ್.ಎಸ್.ಯು. ಸಂಸ್ಥೆಗಳಿಗಾಗಿ ಹಿಂಬದಿಯಲ್ಲಿ ಎಂಜಿನ್ ಇರುವ ಸಣ್ಣ ಕಾರಿನ ಮಾದರಿಗಳನ್ನು ಅವರು ರಚಿಸಿದರು. ಹಣದ ಅಭಾವದಿಂದ ಎರಡು ಪ್ರಯತ್ನಗಳೂ ಅರ್ಧಕ್ಕೇ ನಿಂತವು.

1933ರಲ್ಲಿ ಹಿಟ್ಲರನು ಜರ್ಮನಿಯ ಅಧಿಕಾರವನ್ನು ವಶಪಡಿಸಿಕೊಂಡನು. ಪ್ರತಿಯೊಂದು ಕುಟುಂಬಕ್ಕೂ ಕಾರು ಎಂಬ ಘೋಷಣೆ ಅವನ ಪ್ರಚಾರಕ್ಕೆ ಬೇಕಾಗಿತ್ತು. ಕಾರನ್ನು ಮಾಡಲು ರಾಜಾಶ್ರಯವು ಪೋರ್ಷೆಗೆ ಬೇಕಾಗಿತ್ತು. 1934ನೆಯ ಜೂನ್ 22ರಂದು ಜರ್ಮನ್ ಮೋಟಾರು ಉದ್ಯಮ ಸಂಘವು ಪೋರ್ಷೆಯೊಡನೆ ಒಪ್ಪಂದ ಮಾಡಿಕೊಂಡಿತು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಿರಂತರವಾಗಿ ಓಡಬೇಕು, ತಂದೆ ತಾಯಿ ಮಕ್ಕಳು ಕುಳಿತುಕೊಳ್ಳಬೇಕು, ಇಂಧನ ಮಿತವಾಗಿರಬೇಕು, ಬೆಲೆ ಸಾವಿರ ಮಾರ್ಕುಗಳನ್ನು ಮೀರಬಾರದು ಎಂಬುವು ನಿಬಂಧನೆಗಳು.

ಇದೇ ವರ್ಷಗಳಲ್ಲಿ ನಮ್ಮ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರೂ ಭಾರತದಲ್ಲಿ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸಬೇಕೆಂದು ಶ್ರಮಿಸುತ್ತಿದ್ದುದು ಸ್ಮರಣೀಯ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯೂರೋಪ್ ಅಮೆರಿಕಗಳನ್ನು ಸುತ್ತಿ ಮೋಟಾರು ಉದ್ಯಮವನ್ನು ಅಭ್ಯಾಸ ಮಾಡಿ ಬಂದು ಯೋಜನೆಯನ್ನು ಸಿದ್ಧಪಡಿಸಿದರು. ಪರಕೀಯ ಸರ್ಕಾರವು ಅದಕ್ಕೆ ನೆರವಾಗಲಿಲ್ಲ. ಅವರ ಪ್ರೇರಣೆ ಪಡೆದ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಒಬ್ಬ ಎಂಜಿನಿಯರಿಗೆ ರಾಜಾಶ್ರಯ ದೊರೆಯದೆ ಯೋಜನೆ ಕುಂಟಿತು. ಮತ್ತೊಬ್ಬನಿಗೆ ರಾಜಾಶ್ರಯವು ಕೈತುಂಬ ದೊರೆಯಿತು. ದೊರೆತುದಕ್ಕೆ ತೆತ್ತ ಬೆಲೆಯೇನೆಂಬುದು ಮುಂದಿನ ಕಥೆ.

ಪೋರ್ಷೆಯ ತಂಡವು ರೂಪಿಸಿದ ಕಾರಿನ ರಚನೆಯು ಸರಳವೂ ಜಾಣತನದಿಂದ ಕೂಡಿದುದೂ ಆಗಿತ್ತು. ಎಂಜಿನ್ ಹಿಂಬದಿಯಲ್ಲಿ, ಗಾಲಿಗಳನ್ನು ತಿರುಗಿಸುವ ಅಚ್ಚಿನ ಹತ್ತಿರವೇ ಇದ್ದುದರಿಂದ ಮುಂದಿನಿಂದ ಹಿಂದಕ್ಕೆ ಹಾಯುವ ಉದ್ದನೆಯ ದಂಡದ ಅವಶ್ಯಕತೆಯಿರಲಿಲ್ಲ. ಎಂಜಿನ್ನಿನ ಭಾರವು ಹಿಂಗಾಲಿಗಳ ಮೇಲೆಯೇ ಬೀಳುತ್ತಿದ್ದುದರಿಂದ ಕೆಸರಿನಲ್ಲಿಯೂ ಏರಿನಲ್ಲಿಯೂ ಗಾಲಿಗಳು ನೆಲವನ್ನು ಬಿಗಿಯಾಗಿ ಹಿಡಿಯುತ್ತಿದ್ದವು. ಎದುರುಬದುರಾಗಿ ಮಲಗಿದ ನಾಲ್ಕು ಸಿಲಿಂಡರುಗಳ ಆ ಎಂಜಿನ್ನಿಗೆ ನೀರು ಬೇಕಿರಲಿಲ್ಲ. ಬೀಸಣಿಗೆಯ ಗಾಳಿಯೇ ಅದನ್ನು ತಂಪಾಗಿಡುತ್ತಿತ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಭಯವೂ ಬೇಸಗೆಯಲ್ಲಿ ಕುದಿಯುವ ಭಯವೂ ಇಲ್ಲದಾಯಿತು. ಬೇಸಗೆಯಲ್ಲಿ ಹೊಸದುರ್ಗ ಹೊಳಲ್ಕೆರೆಗಳ ದಾರಿಯ ಏರಿನಲ್ಲಿ ಆವಿ ಉಗುಳುವ ಲಾರಿಯನ್ನು ನಿಲ್ಲಿಸಿ ಬಾವಿಯ ನೀರಿಗಾಗಿ ಕೊಡ ಹಿಡಿದು ಹೋದ ಚಾಲಕನಿಗೆ ಈ ಏರ್ಪಾಡಿನ ಬೆಲೆ ಎಷ್ಟೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಪಟ್ಟಿ ಕಮಾನುಗಳ ಬದಲು ತಿರುಚಿಕೊಂಡು ಮರಳುವ ಉಕ್ಕಿನ ಸಲಾಕೆಗಳು ರಸ್ತೆಯ ಕುಲುಕಾಟವನ್ನು ನುಂಗುತ್ತಿದ್ದವು. ಈ ಕಡೆಯ ಪಟ್ಟಣಗಳಲ್ಲಿ ಓಡಾಡುವ ಆಟೋರಿಕ್ಷಾಗಳಲ್ಲಿಯೂ ಎಂಜಿನ್ನು ಪ್ರಯಾಣಿಕರ ಹಿಂದೆಯೇ ಇರುವುದನ್ನು ಗಮನಿಸಿದರೆ, ಕಡಿಮೆ ಖರ್ಚಿನ ವಾಹನಕ್ಕೆ ಈ ಕ್ರಮವು ಒಪ್ಪುವ ಬಗೆಯು ಅರ್ಥವಾಗುತ್ತದೆ.

ಈ ಯೋಚನೆಗಳೆಲ್ಲವೂ ಪೋರ್ಷೆಯೊಬ್ಬನವೇ ಅಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. ಬೇಲ ಬಾರೆನಿ ಎಂಬ ತರುಣನು 1920ರ ದಶಕದಲ್ಲಿಯೇ ಇಂಥ ಕಾರಿನ ನಕಾಶೆಯನ್ನು ಬರೆದಿದ್ದನು. ಚೆಕೊಸ್ಲೊವಾಕಿಯದ ಟಾಟ್ರ ಸಂಸ್ಥೆಯ ಹಾನ್ಸ್ ಲೆಡ್ವಿಂಕನು ಗಾಳಿಯಿಂದ ತಂಪಾಗುವ ಹಿಂಬದಿ ಎಂಜಿನ್ನಿನ ಕಾರುಗಳನ್ನು ನಿರ್ಮಿಸಿದ್ದನು; ಯುದ್ಧಾನಂತರ ಫೋಕ್ಸ್‌ವ್ಯಾಗನ್ ಸಂಸ್ಥೆಯು ಟಾಟ್ರ ಸಂಸ್ಥೆಗೆ ಪರಿಹಾರ ತೆರಬೇಕಾಯಿತು. ಯೆಹೂದ್ಯ ಎಂಜಿನಿಯರ್ ಯೋಸೆಫ್ ಗಾನ್ಸನು ಜನತೆಯ ಕಾರಿಗಾಗಿ ತನ್ನ ಪತ್ರಿಕೆಯಲ್ಲಿ ವರ್ಷಗಟ್ಟಲೆ ವಾದಿಸಿ, ಮಾದರಿಗಳನ್ನೂ ರಚಿಸಿದ್ದನು. ನಾಜಿಗಳು ಅವನನ್ನು ಬಂಧಿಸಿ, ದೇಶ ಬಿಟ್ಟು ಓಡುವಂತೆ ಮಾಡಿದರು.

ಪೋರ್ಷೆಯ ಸ್ವಂತ ಕಚೇರಿಯಲ್ಲಿಯೇ ರೋಸೆನ್‌ಬರ್ಗರನಿಗೆ ಇಂಥದೇ ಗತಿಯೊದಗಿತು. 1935ರಲ್ಲಿ ಅವನ ಪಾಲನ್ನು ಮುಖಬೆಲೆಗೆ ಕೊಂಡು ಅವನನ್ನು ಸಂಸ್ಥೆಯಿಂದ ಕಳಚಲಾಯಿತು. ಅದೇ ವರ್ಷ ಅವನು ಸೆರೆ ಶಿಬಿರವನ್ನೂ ಕಂಡು, ಬಿಡುಗಡೆಯಾದ ಮೇಲೆ ದೇಶಾಂತರ ಹೋದನು. ಯುದ್ಧ ಮುಗಿದ ಮೇಲೆ, 1950ರಲ್ಲಿ, ಅವನಿಗೆ ದೊರೆತುದು 50,000 ಮಾರ್ಕ್ ಹಣ ಮತ್ತು ಒಂದು ಕಾರು. ಕಷ್ಟಕಾಲದಲ್ಲಿ ಕೈಹಿಡಿದವನ ಕೈಯನ್ನು ಅವನ ಕಷ್ಟಕಾಲದಲ್ಲಿ ಬಿಟ್ಟದ್ದು ಪೋರ್ಷೆಯ ಬಾಳಿನ ಮೊದಲ ದೊಡ್ಡ ಕಳಂಕ.

1936ರಲ್ಲಿ ಮೂರು ಮಾದರಿ ಕಾರುಗಳು ತಲಾ ಸುಮಾರು 50,000 ಕಿಲೋಮೀಟರ್ ಓಡಿ ಪರೀಕ್ಷೆಯಲ್ಲಿ ತೇರ್ಗಡೆಯಾದವು. ಮರುವರ್ಷ ಮೂವತ್ತು ಕಾರುಗಳನ್ನು ಮತ್ತೆ ಪರೀಕ್ಷಿಸಲಾಯಿತು. ಪೋರ್ಷೆಯು ಅಮೆರಿಕಕ್ಕೆ ಹೋಗಿ ಕಾರ್ಖಾನೆಗಳನ್ನು ನೋಡಿ, ಹೆನ್ರಿ ಫೋರ್ಡನನ್ನೂ ಭೇಟಿಯಾಗಿ ಬಂದನು. 1937ರಲ್ಲಿ ಅವನು ನಾಜಿ ಪಕ್ಷದ ಸದಸ್ಯನಾದನು. 1938ನೆಯ ಮೇ 26ರಂದು ಫಾಲರ್ಸ್‌ಲೆಬನ್ ಬಳಿ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. ವಾರಕ್ಕೆ 5 ಮಾರ್ಕ್ ಬೆಲೆಯ ಚೀಟಿಯನ್ನು ಪುಸ್ತಕಕ್ಕೆ ಅಂಟಿಸುತ್ತಾ ಹೋದರೆ ಕೊನೆಗೆ 990 ಮಾರ್ಕಿನ ಕಾರು ಮನೆಗೆ ಬರುವುದೆಂದು ಸರ್ಕಾರವು ಸಾರಿತು. 3,36,000ದಷ್ಟು ಜನ ಈ ಯೋಜನೆಗೆ ಸೇರಿ ಹಣ ಕಟ್ಟಿದರು. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಆ ಹಣಕ್ಕೆ ಪ್ರತಿಯಾಗಿ ಯುದ್ಧ ಮುಗಿಯುವವರೆಗೂ ಅವರಲ್ಲಿ ಒಬ್ಬರಿಗೂ ಕಾರು ದೊರೆಯಲಿಲ್ಲ. ಅವರು ದೀರ್ಘಕಾಲ ನ್ಯಾಯಾಲಯದಲ್ಲಿ ಹೋರಾಡಿದ ಬಳಿಕ 1961ರಲ್ಲಿ ಒಪ್ಪಂದವಾಗಿ, ಹೊಸ ಕಾರಿನ ಬೆಲೆಯಲ್ಲಿ ಒಂದಿಷ್ಟು ಸೋಡಿಯೋ ಅಲ್ಪ ಮೊತ್ತದ ನಗದೋ ದೊರೆಯಿತು. ಸಾರ್ವಜನಿಕರು ನಂಬಿ ಕೊಟ್ಟ ಕಾಸು ಎಷ್ಟು ಪವಿತ್ರವೆಂಬುದನ್ನು, ಕಾಸಿಗೆ ಕಾಸು ಕೂಡಿಸಿ ಶಾಲೆ, ಪ್ರಸಾದ ನಿಲಯಗಳನ್ನು ಕಟ್ಟಿದ ನಾಡಿನ ಜನರು ಬಲ್ಲರು.

1939ರಲ್ಲಿ ಯುದ್ಧವು ಆರಂಭವಾಗುತ್ತಲೇ ಜನತಾ ಕಾರು ಸೈನ್ಯದ ವಾಹನವಾಯಿತು. ಪೋರ್ಷೆಯು ಕ್ಯೂಬೆಲ್‌ವ್ಯಾಗನ್ ಎಂಬ ಸೇನಾ ವಾಹನವನ್ನೂ, ನೀರಿನಲ್ಲಿ ತೇಲುವ ಕಾರನ್ನೂ, ಭಾರಿ ಟ್ಯಾಂಕುಗಳನ್ನೂ ವಿನ್ಯಾಸಗೊಳಿಸಿದನು. ಮೌಸ್ ಎಂಬ ಟ್ಯಾಂಕಿನ ತೂಕ 188 ಟನ್ನುಗಳು. ಕಾರ್ಖಾನೆಯ ಆಡಳಿತದಲ್ಲಿ ಅವನೂ ಅಳಿಯ ಪಿಯೆಕನೂ ಪ್ರಮುಖರಾಗಿದ್ದರು. ಅಲ್ಲಿ ದುಡಿದವರು ಯಾರು? ಪೋಲೆಂಡ್, ರಷ್ಯ, ಫ್ರಾನ್ಸ್, ಇಟಲಿ ಮೊದಲಾದ ದೇಶಗಳಿಂದ ಬಲಾತ್ಕಾರದಿಂದ ತಂದ ಗಂಡಸರು, ಹೆಂಗಸರು, ಯುದ್ಧ ಕೈದಿಗಳು, ಸೆರೆ ಶಿಬಿರಗಳ ಬಂದಿಗಳು. ಯುದ್ಧಕಾಲದಲ್ಲಿ ಹೀಗೆ ದುಡಿದವರ ಸಂಖ್ಯೆ ಸುಮಾರು 20,000. 1942ರಲ್ಲಿ ಕಾರ್ಖಾನೆಯ ನೆಲದಲ್ಲಿಯೇ ಒಂದು ಸೆರೆ ಶಿಬಿರವನ್ನು ತೆರೆಯಲಾಗಿತ್ತು. ದುಡಿಯುವ ಪರದೇಶಿ ತಾಯಂದಿರಿಂದ ಕಿತ್ತುಕೊಂಡ ಹಸುಳೆಗಳನ್ನು ಕೊನೆಗೆ ರ್‍ಯೂಹೆನ್ ಎಂಬ ಹಳ್ಳಿಯ ಗುಡಿಸಲುಗಳಲ್ಲಿ ಇಡಲಾಯಿತು. ಆಹಾರವೂ ಆರೈಕೆಯೂ ಇಲ್ಲದೆ ಮುನ್ನೂರಕ್ಕೂ ಹೆಚ್ಚು ಶಿಶುಗಳು ಮಡಿದವು. ಅವುಗಳ ಹೊಣೆ ಹೊತ್ತಿದ್ದ ಕಾರ್ಖಾನೆಯ ವೈದ್ಯನಿಗೆ ಯುದ್ಧಾನಂತರ ಬ್ರಿಟಿಷ್ ನ್ಯಾಯಮಂಡಲಿಯು ಮರಣದಂಡನೆ ವಿಧಿಸಿತು.

ಪೋರ್ಷೆಯು ರಾಜಕೀಯದ ಮನುಷ್ಯನಲ್ಲ, ಯಂತ್ರವೊಂದೇ ಅವನ ಲೋಕವಾಗಿತ್ತು ಎಂದು ಅವನ ಅಭಿಮಾನಿಗಳು ಸಮರ್ಥಿಸುತ್ತಾ ಬಂದಿದ್ದಾರೆ. ಸಭೆ ಸಮಾರಂಭಗಳಲ್ಲಿ ಅವನು ಸಮವಸ್ತ್ರ ತೊಡದೆ ಸಾದಾ ಉಡುಪಿನಲ್ಲಿಯೇ ಇರುತ್ತಿದ್ದನೆಂಬುದೂ ನಿಜ. ಆದರೆ ಫೋಕ್ಸ್‌ವ್ಯಾಗನ್ ಸಂಸ್ಥೆಯೇ ಏರ್ಪಡಿಸಿದ ಸಂಶೋಧನೆಯ ಫಲವಾಗಿ ಇತಿಹಾಸಕಾರ ಹಾನ್ಸ್ ಮೊಮ್ಸೆನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವು, ಕೆಲಸಗಾರರು ಬೇಕಾದಾಗ ಅವರನ್ನು ಎಲ್ಲಿಂದ ತರಲಾಗುತ್ತಿದೆಯೆಂಬುದು ಪೋರ್ಷೆಗೆ ತಿಳಿದಿತ್ತೆಂಬುದನ್ನು ತೋರಿಸಿಕೊಟ್ಟಿದೆ. ತಿಳಿದೂ ಕಣ್ಣು ಮುಚ್ಚಿಕೊಂಡು ತನ್ನ ನಕಾಶೆಯ ಮೇಲೆಯೇ ದೃಷ್ಟಿ ನೆಟ್ಟ ಜಾಣನು ನಿರಪರಾಧಿಯೆನಿಸಲಾರನು.

1945ರಲ್ಲಿ ಜರ್ಮನಿ ಸೋತಿತು. ಆ ವರ್ಷದ ಡಿಸೆಂಬರಿನಲ್ಲಿ ಫ್ರೆಂಚರು ಪೋರ್ಷೆಯನ್ನೂ ಫೆರಿಯನ್ನೂ ಪಿಯೆಕನನ್ನೂ ಬಂಧಿಸಿದರು. ಫೆರಿ ಬೇಗ ಬಿಡುಗಡೆ ಹೊಂದಿದನು. ಎಪ್ಪತ್ತು ವರ್ಷದ ಮುದುಕನಾದ ಪೋರ್ಷೆಯು ಸುಮಾರು ಇಪ್ಪತ್ತು ತಿಂಗಳ ಸೆರೆವಾಸವನ್ನು ಅನುಭವಿಸಿ, ಕೊನೆಯಲ್ಲಿ ಡಿಜಾನ್ ನಗರದ ಕಾರಾಗೃಹದಿಂದ 1947ರ ಆಗಸ್ಟಿನಲ್ಲಿ ಜಾಮೀನಿನ ಮೇಲೆ ಹೊರಬಂದನು. ಅವನ ದೇಹವು ಜರ್ಝರಿತವಾಗಿತ್ತು. ಜಾಮೀನಿನ ಹಣಕ್ಕಾಗಿ ಮಗನು ಇಟಲಿಯ ಚಿಸಿಟಾಲಿಯ ಸಂಸ್ಥೆಗೆ ಸ್ಪರ್ಧಾ ಕಾರನ್ನು ವಿನ್ಯಾಸ ಮಾಡಿಕೊಟ್ಟಿದ್ದನು. ಫ್ರೆಂಚ್ ನ್ಯಾಯಾಲಯವು ಮುಂದೆ ಪೋರ್ಷೆಯನ್ನು ಆರೋಪಮುಕ್ತನನ್ನಾಗಿ ಮಾಡಿತು. 1948ರಲ್ಲಿ ಆಸ್ಟ್ರಿಯದ ಗ್ಮ್ಯುಂಡ್ ಎಂಬ ಊರಿನ ಹಳೆಯ ಮರ ಕೊಯ್ಯುವ ಕಾರ್ಖಾನೆಯಲ್ಲಿ ಮಗನ ನೇತೃತ್ವದಲ್ಲಿ ಪೋರ್ಷೆ ಎಂಬ ಹೆಸರನ್ನೇ ಹೊತ್ತ ಮೊದಲ ಕಾರು ಸಿದ್ಧವಾಯಿತು.

ಇತ್ತ ಬಾಂಬುಗಳಿಂದ ಪಾಳುಬಿದ್ದಿದ್ದ ಫೋಕ್ಸ್‌ವ್ಯಾಗನ್ ಕಾರ್ಖಾನೆಯು ಬ್ರಿಟಿಷರ ವಶದಲ್ಲಿತ್ತು. ಐವನ್ ಹರ್ಸ್ಟ್ ಎಂಬ ಮೇಜರನು ಅದನ್ನು ಕೆಡವುವ ಬದಲು ಮತ್ತೆ ನಡೆಸಲು ನಿಶ್ಚಯಿಸಿದನು. 1946ರ ಮಾರ್ಚ್ ತಿಂಗಳಲ್ಲಿ ಒಂದು ಸಾವಿರ ಕಾರುಗಳು ಹೊರಬಂದವು. 1948ರಲ್ಲಿ ಹೈನ್ಸ್ ನೋರ್ಡಾಫನು ಆಡಳಿತ ವಹಿಸಿಕೊಂಡ ಮೇಲೆ ಉತ್ಪಾದನೆಯು ಉಬ್ಬರದಂತೆ ಏರಿತು. 1950ರ ನವೆಂಬರಿನಲ್ಲಿ ಪೋರ್ಷೆಯು ಮಗನೊಡನೆ ವುಲ್ಫ್ಸ್‌ಬರ್ಗಿನ ಆ ಕಾರ್ಖಾನೆಯನ್ನು ಯುದ್ಧಾನಂತರ ಮೊದಲ ಬಾರಿಗೆ ನೋಡಲು ಬಂದನು. ದಾರಿಯುದ್ದಕ್ಕೂ ತಾನು ರೂಪಿಸಿದ ಪುಟ್ಟ ಕಾರುಗಳು ಸಾಮಾನ್ಯ ಜನರನ್ನು ಹೊತ್ತು ಓಡಾಡುತ್ತಿದ್ದುದನ್ನು ಕಂಡನು. ಮೂವತ್ತು ವರ್ಷಗಳ ಕನಸನ್ನು ಕಣ್ಣಾರೆ ಕಂಡದ್ದು ಅದೇ ಮೊದಲು, ಬಹುಮಟ್ಟಿಗೆ ಅದೇ ಕೊನೆ. ಸ್ವಲ್ಪ ಕಾಲದಲ್ಲಿಯೇ ಅವನಿಗೆ ಪಾರ್ಶ್ವವಾಯು ತಗುಲಿತು. 1951ನೆಯ ಜನವರಿ 30ರಂದು ಸ್ಟುಟ್‌ಗಾರ್ಟಿನಲ್ಲಿ ಅವನು ಕೊನೆಯುಸಿರೆಳೆದನು.

ಕಾರು ಮಾತ್ರ ಅವನ ಬಳಿಕವೂ ಬಹುಕಾಲ ಬಾಳಿತು. 1955ರಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. 1972ರ ಫೆಬ್ರವರಿ 17ರಂದು ಫೋರ್ಡನ ಟಿ ಮಾದರಿಯ ದಾಖಲೆಯನ್ನು ಅದು ಮುರಿಯಿತು. 2003ರ ಜುಲೈ 30ರಂದು ಮೆಕ್ಸಿಕೊ ದೇಶದ ಪುಯೆಬ್ಲದಲ್ಲಿ ಕೊನೆಯ ಕಾರು ಹೊರಬಂದಾಗ ಒಟ್ಟು ಸಂಖ್ಯೆ 2,15,29,464 ಆಗಿತ್ತು. ಬಲಾತ್ಕಾರದ ದುಡಿಮೆಗೆ ಸಿಕ್ಕಿ ಬದುಕುಳಿದವರಿಗಾಗಿ ಫೋಕ್ಸ್‌ವ್ಯಾಗನ್ ಸಂಸ್ಥೆಯು 1998ರಲ್ಲಿ ಪರಿಹಾರ ನಿಧಿಯೊಂದನ್ನು ಸ್ಥಾಪಿಸಿತು. ಯುದ್ಧ ಮುಗಿದು ಅರ್ಧ ಶತಮಾನ ಕಳೆದ ಮೇಲೆ ಬಂದ ಆ ನೆರವನ್ನು ಕಾಣುವ ವೇಳೆಗೆ ಅವರಲ್ಲಿ ಅನೇಕರು ಕಣ್ಮುಚ್ಚಿದ್ದರು.

ಬಡ ಕಸುಬುದಾರನ ಮಗನು ಪದವಿಯಿಲ್ಲದೆ ಕಲಿತು, ಸೋಲುಗಳಿಗೆ ಅಂಜದೆ ದುಡಿದು, ಧನಿಕರ ಸೊತ್ತಾಗಿದ್ದ ಕಾರನ್ನು ಸಾಮಾನ್ಯನ ಮನೆಯಂಗಳಕ್ಕೆ ತಂದನು. ಇದು ಪೋರ್ಷೆಯ ಬಾಳಿನ ಬೆಳಕು. ಆ ಕಾರ್ಯವನ್ನು ಸಾಧಿಸಲು ಕ್ರೂರ ಪ್ರಭುತ್ವದ ಕೈಹಿಡಿದು, ಸಂಗಾತಿಯನ್ನು ತೊರೆದು, ಸೆರೆಯಾಳುಗಳ ಕಣ್ಣೀರನ್ನು ಕಾಣದವನಂತೆ ನಡೆದನು. ಇದು ಅವನ ಬಾಳಿನ ಕತ್ತಲೆ. ಕೈಯ ಕುಶಲತೆಯನ್ನು ಕಲಿಸುವ ಶಾಲೆಗಳು ಲೋಕದಲ್ಲಿ ಬೇಕಾದಷ್ಟಿವೆ. ಆ ಕುಶಲತೆಯು ಯಾರ ಸೇವೆಗೆ ಸಲ್ಲುತ್ತಿದೆ, ಯಾರ ಬೆವರಿನ ಮೇಲೆ ನಿಂತಿದೆ ಎಂದು ಕೇಳುವ ಎದೆಗಾರಿಕೆಯನ್ನೂ ಕಲಿಸಿದಾಗ ಮಾತ್ರ ವಿದ್ಯೆಯು ಪೂರ್ಣವಾಗುತ್ತದೆ. ಮಾರಿಕಣಿವೆಯ ನೀರು ಕುಡಿದು ಬೆಳೆದು, ಎಂಜಿನಿಯರುಗಳಾಗಿ ದೇಶ ವಿದೇಶಗಳಿಗೆ ತೆರಳುವ ನಮ್ಮ ಮಕ್ಕಳು ಪೋರ್ಷೆಯ ಶ್ರದ್ಧೆಯನ್ನು ತಮ್ಮದಾಗಿಸಿಕೊಳ್ಳಲಿ. ಅವನು ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳುವ ಧೈರ್ಯವೂ ಅವರಲ್ಲಿ ಬೆಳೆಯಲಿ.